ರೋಸ್ ಶಾಸ್ತ್ರ ಬೈಬಲ್‌ನಲ್ಲಿಲ್ಲ, ನನ್ನ ಮದುವೆಗೆ ಬೇಡ ಅನ್ನಬಹುದಾ?

ಇದೇ ಮಾತು ಹೇಳಿ ನಾನು ನನ್ನ ರೋಸ್ ನಿಲ್ಲಿಸಿದ್ದೆ. ನಾವೂ ಮಂಗಳೂರು ಕಡೆಯ ಕಥೋಲಿಕರು. ರೋಸ್ ಅಂದರೆ, ಮದುವೆಯ ಹಿಂದಿನ ದಿನ ಪ್ರಾರ್ಥನೆ ಆದ ಮೇಲೆ ಅಮ್ಮ ಎಣ್ಣೆಯಲ್ಲಿ ಬೆರಳದ್ದಿ ಹಣೆಗೆ ಶಿಲುಬೆ ಗುರುತು ಹಾಕಬೇಕು, ಆಮೇಲೆ ತೆಂಗಿನ ಹಾಲು ಹಚ್ಚಬೇಕು. ಬೆಂಗಳೂರಲ್ಲಿ ನಾನು ಹೋಗುತ್ತಿದ್ದ ಬೈಬಲ್ ಓದುವ ಗುಂಪಿನವರು ಇದೆಲ್ಲ ಅನ್ಯರ ಆಚಾರ ಅಂದರು. ನಾನು ಮನೆಗೆ ಬಂದು ಮಾರ್ಕ 7:8 ಓದಿದೆ. ದೇವರ ಆಜ್ಞೆ ಬಿಟ್ಟು ಮನುಷ್ಯರ ಸಂಪ್ರದಾಯ ಹಿಡಿದಿದ್ದೀರಿ ಅಂತ ಯೇಸುಸ್ವಾಮಿ ಫರಿಸಾಯರನ್ನು (ಆಗಿನ ಕಟ್ಟುನಿಟ್ಟಿನ ಯೆಹೂದಿ ಪಂಥದವರನ್ನು) ಗದರಿಸುವ ಜಾಗ. ಅಮ್ಮ ವಾದ ಮಾಡಲಿಲ್ಲ. ಹಿಂಡಿಟ್ಟಿದ್ದ ಹಾಲನ್ನು ಅಡುಗೆಯವರಿಗೆ ಕೊಟ್ಟರು.

ಎಂಟನೇ ವಚನಕ್ಕೇ ಪುಸ್ತಕ ಮುಚ್ಚಿದ್ದು ನನ್ನ ತಪ್ಪು. ಮುಂದಿನ ಐದು ವಚನ ಓದಿ. ಅಲ್ಲಿ ಕೊರ್ಬಾನ್ ವಿಷಯ ಬರುತ್ತೆ. ‘ಇದು ದೇವರಿಗೆ ಮೀಸಲು’ ಅಂದುಬಿಟ್ಟರೆ ಸಾಕು, ತಂದೆತಾಯಿಗೆ ಕೊಡಬೇಕಾದ್ದನ್ನು ಕೊಡದೆ ಜಾರಿಕೊಳ್ಳಬಹುದಿತ್ತು. ಯೇಸುಸ್ವಾಮಿ ಸಿಟ್ಟಾದದ್ದು ಇದಕ್ಕೆ. ಆ ಪದ್ಧತಿ ‘ತಂದೆತಾಯಿಯನ್ನು ಗೌರವಿಸು’ ಅನ್ನುವ ಆಜ್ಞೆಯನ್ನೇ ಮುರಿಯುತ್ತಿತ್ತು. ನಾನು ಮಾಡಿದ್ದೂ ಅದೇ ಅಲ್ವಾ? ಆ ಅಧ್ಯಾಯವನ್ನೇ ಹಿಡಿದುಕೊಂಡು, ದೇವರ ಹೆಸರು ಹೇಳಿ, ಆಶೀರ್ವದಿಸಲು ಬಂದ ಅಮ್ಮನ ಕೈ ತಳ್ಳಿದೆ. ರೋಸ್ ಜೀವನದಲ್ಲಿ ಒಂದೇ ಸಲ. ಆಮೇಲೆ ಕೇಳಿದರೂ ಸಿಗಲ್ಲ. ಪಪ್ಪಾ ಬಹಳ ಕಾಲ ನನ್ನ ಮನೆಗೆ ಕಾಲಿಡಲಿಲ್ಲ.

ಅದಕ್ಕೇ, ‘ಬೈಬಲ್‌ನಲ್ಲಿ ಇದೆಯಾ’ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಉಂಗುರ ಬದಲಾಯಿಸಬೇಕು ಅಂತಲೂ ಅದರಲ್ಲಿಲ್ಲ, ಅದನ್ನು ಯಾರೂ ಬೇಡ ಅನ್ನಲ್ಲ. ಸಂತ ಪೌಲರು 2 ಥೆಸಲೋನಿಕ 2:15ರಲ್ಲಿ ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿತ ಸಂಪ್ರದಾಯಗಳನ್ನು ಗಟ್ಟಿಯಾಗಿ ಹಿಡಿಯಿರಿ ಅಂತಾರೆ. ಅದು ಪ್ರೇಷಿತರ (ಯೇಸು ಕಳಿಸಿದ ಮೊದಲ ಬೋಧಕರ) ಬೋಧನೆಯ ಮಾತು, ರೋಸ್ ಅದಕ್ಕೆ ಸಮ ಅಂತ ನಾನೂ ಹೇಳಲ್ಲ. ಆದರೆ ಬಾಯಿಂದ ಬಾಯಿಗೆ ಬಂದದ್ದೆಲ್ಲ ಕೆಟ್ಟದ್ದು ಅನ್ನೋಕೆ ಆಗಲ್ಲ. ಮದುವೆಗೆ ವಧುವರರಿಗೆ ಹಾಲು, ಎಣ್ಣೆ ಹಚ್ಚುವಂಥ ಪದ್ಧತಿಗಳನ್ನು ಗೋವಾದ ಇನ್ಕ್ವಿಸಿಷನ್ (ಪೋರ್ಚುಗೀಸರ ಕಾಲದ ಧರ್ಮ ವಿಚಾರಣಾ ನ್ಯಾಯಾಲಯ) 1736ರಲ್ಲೇ ನಿಷೇಧಿಸಿತ್ತು. ಗೋವಾ ಕಡೆಯಿಂದ ಬಂದ ನಮ್ಮ ಹಿರಿಯರು ಅದನ್ನೂ ದಾಟಿ ಉಳಿಸಿಕೊಂಡರು, ಅದಕ್ಕೆ ಶಿಲುಬೆ ಗುರುತು, ಪ್ರಾರ್ಥನೆ ಸೇರಿಸಿಕೊಂಡರು.

ಈ ಪದ್ಧತಿ ಯಾವ ಆಜ್ಞೆಯನ್ನು ಮುರಿಯುತ್ತೆ ಅಂತ ಕೇಳಿ ನೋಡಿ. ಗೆಳೆಯರು ತಲೆ ಮೇಲೆ ಮೊಟ್ಟೆ ಒಡೆಯುವುದು, ಬಿಯರ್ ಸುರಿಯುವುದು, ಅಪ್ಪ ಸಾಲ ಮಾಡಿ ಹಾಲ್, ಡಿಜೆ ಹಿಡಿಯುವುದು, ಇವನ್ನು ಖಂಡಿತ ಬೇಡ ಅನ್ನಿ, ಯಾರು ಮುನಿಸಿಕೊಂಡರೂ ಸರಿ. ತೆಂಗಿನ ಹಾಲು ಇರಲಿ. ನಿಮಗೂ ಅಂಥ ಬೈಬಲ್ ಗುಂಪಿದ್ದರೆ ಅವರನ್ನೂ ಕರೆಯಿರಿ, ಬಂದು ಪ್ರಾರ್ಥನೆಗೆ ನಿಲ್ಲಲಿ.