ಬಾಯಿ ಬಿಡದ ಮಕ್ಕಳು, ಬಾಯಿ ಮುಚ್ಚದ ಟೀಚರು

ಪ್ರಶ್ನೆ: ಮೇಡಂ, ಸಂಜೆ ಹೊತ್ತು ಮನೆಯಲ್ಲೇ ಇಂಗ್ಲಿಷ್ ಹೇಳಿಕೊಡುತ್ತೇನೆ. ಚಿಕ್ಕವರಿಗೆ 7–8 ವರ್ಷ, ದೊಡ್ಡವರಿಗೆ 14. ಆಟ ಆಡಿಸಿದರೆ ಚಿಕ್ಕವರು ಕನ್ನಡದಲ್ಲೇ ಕೂಗಾಡುತ್ತಾರೆ. ದೊಡ್ಡವರು ತಲೆ ತಗ್ಗಿಸಿ ಕೂತುಬಿಡುತ್ತಾರೆ. ಏನು ಮಾಡಲಿ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ಮೊದಲು ಒಂದು ಕೇಳುತ್ತೇನೆ. ಪಾಠದಲ್ಲಿ ನೀವೆಷ್ಟು ಹೊತ್ತು ಮಾತಾಡುತ್ತೀರಿ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ದಿನ ಗಡಿಯಾರ ನೋಡಿಕೊಂಡೆ. 45 ನಿಮಿಷದಲ್ಲಿ 40 ನಿಮಿಷ ನನ್ನದೇ ಮಾತು. ಮಕ್ಕಳಿಗೆ ಸಿಕ್ಕಿದ್ದು 'ಯೆಸ್ ಮಿಸ್' ಮಾತ್ರ.

ಚಿಕ್ಕವರು ಕನ್ನಡದಲ್ಲಿ ಕೂಗುವುದು ತುಂಟತನವಲ್ಲ. ಆಟಕ್ಕೆ ಬೇಕಾದ ಇಂಗ್ಲಿಷ್ ಅವರ ಹತ್ತಿರ ಇಲ್ಲ, ಅಷ್ಟೇ. ಆಟಕ್ಕೆ ಮೊದಲೇ ನಾಲ್ಕು ಮಾತು ಕೊಡಿ: 'ಮೈ ಟರ್ನ್', 'ಗಿವ್ ಮಿ', 'ವನ್ಸ್ ಮೋರ್', 'ನಾಟ್ ಫೇರ್'. ಕೊನೆಯದನ್ನು ಮರೆಯಬೇಡಿ, ಜಾಸ್ತಿ ಬಳಕೆಯಾಗುವುದು ಅದೇ!

ಈ ವಯಸ್ಸಿಗೆ ಮೈ ಮೊದಲು, ಮಾತು ಆಮೇಲೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಇದನ್ನೇ ಒಂದು ಪದ್ಧತಿ ಮಾಡಿದರು. ಟೀಚರ್ ಹೇಳಬೇಕು, ಮಕ್ಕಳು ಮಾಡಿ ತೋರಿಸಬೇಕು. ಬಾಯಿ ಬಿಡಲೇಬೇಕು ಅಂತ ಒತ್ತಾಯವಿಲ್ಲ. 'ಪುಟ್ ದ ಪೆನ್ಸಿಲ್ ಅಂಡರ್ ದ ಬುಕ್' ಅನ್ನಿ. ಆಮೇಲೆ 'ಪುಟ್ ದ ಬುಕ್ ಆನ್ ಯುವರ್ ಹೆಡ್' ಅನ್ನಿ. ನಗು ಬಂದಮೇಲೆ 'ಅಂಡರ್', 'ಆನ್' ಮರೆತುಹೋಗುವುದಿಲ್ಲ. ಕೆಲವು ದಿನ ಕಳೆದ ಮೇಲೆ ಅಪ್ಪಣೆ ಕೊಡುವ ಕೆಲಸ ಅವರಿಗೇ ಬಿಡಿ. ನನ್ನ ಕ್ಲಾಸಿನ ಒಬ್ಬಳು ಪುಟ್ಟಿ 'ಟೀಚರ್, ಸಿಟ್ ಅಂಡರ್ ದ ಟೇಬಲ್' ಅಂದಳು. ಕೂತೆ. ಏಳುವಾಗ ಮಂಡಿ ಹಿಡಿದುಕೊಂಡಿತು, ಆ ಮಾತು ಬೇರೆ.

14ರವರ ಹತ್ತಿರ ಇದು ನಡೆಯೋದಿಲ್ಲ. ಅವರಿಗೆ ಇಂಗ್ಲಿಷಿಗಿಂತ ಗೆಳೆಯರ ಮುಂದೆ ನಗೆಪಾಟಲಾಗುವ ಭಯ ದೊಡ್ಡದು. ಎದ್ದು ನಿಲ್ಲಿಸಿ ಮಾತಾಡಿಸಬೇಡಿ. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ. ಒಬ್ಬರ ಕೈಗೆ ಒಂದು ಚಿತ್ರ, ಇನ್ನೊಬ್ಬರ ಕೈಗೆ ಅದೇ ಚಿತ್ರ, ಆದರೆ ಎಂಟು ಕಡೆ ವ್ಯತ್ಯಾಸ. ನೋಡುವ ಹಾಗಿಲ್ಲ, ಕೇಳಿಯೇ ಕಂಡುಹಿಡಿಯಬೇಕು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಾಗ ತಾನೇ ಮಾತು ಬೇಕಾಗುವುದು? 'ವಾಟ್ ಈಸ್ ಯುವರ್ ನೇಮ್' ಅಂತ ಹತ್ತು ವರ್ಷದಿಂದ ಗೊತ್ತಿರುವ ಗೆಳೆಯನನ್ನೇ ಕೇಳಿಸಿದರೆ ಯಾವ ಹುಡುಗ ಉತ್ತರ ಕೊಡುತ್ತಾನೆ ಹೇಳಿ!

ಓಡುವ ಡಿಕ್ಟೇಶನ್ ಕೂಡ ಮಾಡಿಸಿ. 50–60 ಪದದ ಒಂದು ಬರಹವನ್ನು ಬಾಗಿಲಾಚೆ ಅಂಟಿಸಿ. ಒಬ್ಬ ಓಡಿಹೋಗಿ ಓದಿ, ನೆನಪಿಟ್ಟುಕೊಂಡು ಬಂದು ಹೇಳಬೇಕು. ಇನ್ನೊಬ್ಬ ಬರೆಯಬೇಕು. ಅರ್ಧಕ್ಕೆ ಜಾಗ ಬದಲಿಸಿ. ಓದುವುದು, ಹೇಳುವುದು, ಕೇಳುವುದು, ಬರೆಯುವುದು ಎಲ್ಲ ಒಂದೇ ಏಟಿಗೆ ಆಗುತ್ತದೆ. ಮೊದಲ ಸಲ ನಾನು ಇಡೀ ಪುಟ ಅಂಟಿಸಿ ಕೆಟ್ಟೆ, ಹತ್ತೇ ನಿಮಿಷಕ್ಕೆ ಎಲ್ಲರೂ ಸುಸ್ತು.

ಮಾತಿನ ಮಧ್ಯೆ ಮಾತ್ರ ತಿದ್ದಬೇಡಿ. ಒಬ್ಬ ಹುಡುಗನನ್ನು ಒಂದೇ ವಾಕ್ಯದಲ್ಲಿ ನಾನು ಮೂರು ಸಲ ತಡೆದಿದ್ದೆ. ಆ ವರ್ಷವಿಡೀ ಅವನು ನನ್ನ ಕ್ಲಾಸಿನಲ್ಲಿ ಮತ್ತೆ ಬಾಯಿ ಬಿಡಲಿಲ್ಲ. ಈಗ ಯಾರಾದರೂ 'ಯೆಸ್ಟರ್‌ಡೇ ಐ ಗೋ' ಅಂದರೆ, 'ಓ, ಯೂ ವೆಂಟ್? ವೇರ್?' ಅಂತ ಮಾತು ಮುಂದುವರಿಸುತ್ತೇನೆ.

ಪ್ರಶ್ನೆ: ಹಾಗಾದರೆ ಗ್ರಾಮರ್ ಬೇಡವಾ?

ಉತ್ತರ: ಬೇಕು. ಆಟ ಮುಗಿದ ಮೇಲೆ. ಮಕ್ಕಳು ಮಾತಾಡುವಾಗ ಮೂಲೆಯಲ್ಲಿ ಕೂತು ತಪ್ಪುಗಳನ್ನು ಗುರುತು ಹಾಕಿಕೊಳ್ಳಿ. ಕೊನೆಯ ಐದು ನಿಮಿಷದಲ್ಲಿ ಐದು ವಾಕ್ಯ ಬೋರ್ಡಿನ ಮೇಲೆ ಬರೆಯಿರಿ, ಹೆಸರು ಬೇಡ. ಅವರೇ ತಿದ್ದಲಿ. ಐದರಲ್ಲಿ ಒಂದು ಸರಿಯಾದ ವಾಕ್ಯವೇ ಇರಲಿ. ಅದನ್ನೂ 'ತಿದ್ದಲು' ಹೊರಡುವವರು ಇದ್ದೇ ಇರುತ್ತಾರೆ, ಅಲ್ಲಿಂದ ಒಳ್ಳೆಯ ಜಗಳ ಶುರುವಾಗುತ್ತದೆ.