ಬರ್ಲಿನ್‌ನ ಖಾಲಿ ಕಪಾಟು ನೋಡಬೇಕಾ? ನೋಡಿ, ಆದರೆ ಕತ್ತಲಾದ ಮೇಲೆ

ಬರ್ಲಿನ್‌ನಲ್ಲಿ ಎರಡೇ ದಿನ ಇರುತ್ತೀರಿ, ನಾಜಿಗಳು ಪುಸ್ತಕ ಸುಟ್ಟ ಜಾಗಕ್ಕೆ ಹೋಗಲೇಬೇಕಾ, ಅಲ್ಲಿ ಏನೂ ಇಲ್ಲವಂತಲ್ಲ ಅಂತ ಕೇಳಿದ್ದೀರಿ. ಏನೂ ಇಲ್ಲ ಅನ್ನೋದು ನಿಜ. ಆದರೂ ಹೋಗಿ.

ನಾನು ಮೊದಲು ಹೋಗಿದ್ದು ಮಟಮಟ ಮಧ್ಯಾಹ್ನ. ಆ ಜಾಗದ ಹೆಸರು ಬೆಬೆಲ್‌ಪ್ಲಾಟ್ಸ್, ಅಂದರೆ ಕಲ್ಲು ಹಾಸಿದ ದೊಡ್ಡ ಬಯಲು, ಒಂದು ಪಕ್ಕ ಒಪೆರಾ ಹೌಸ್, ರಸ್ತೆ ದಾಟಿದರೆ ಹಂಬೋಲ್ಟ್ ವಿಶ್ವವಿದ್ಯಾಲಯ. ಸ್ಮಾರಕ ಅಂದರೆ ತಲೆ ಎತ್ತಿ ಹುಡುಕೋದು ನಮ್ಮ ಅಭ್ಯಾಸ ಅಲ್ವಾ, ಎರಡು ಸುತ್ತು ಹಾಕಿದರೂ ಸಿಗಲಿಲ್ಲ. ಆಮೇಲೆ ನಾಲ್ಕೈದು ಜನ ತಲೆ ಬಗ್ಗಿಸಿ ನಿಂತಿದ್ದು ಕಂಡಿತು. ನೆಲದಲ್ಲಿ ಒಂದು ಚೌಕದ ಗಾಜು. ಅದರಲ್ಲಿ ಮೋಡ, ನನ್ನ ಶೂ, ನನ್ನದೇ ಮುಖ. ಇಷ್ಟೇನಾ ಅಂತ ಹೊರಟುಬಿಟ್ಟೆ.

ರಾತ್ರಿ ಊಟ ಮುಗಿಸಿ ಅದೇ ದಾರಿಯಲ್ಲಿ ಬಂದರೆ ನೆಲದೊಳಗಿಂದ ಬೆಳಕು ಬರುತ್ತಿತ್ತು. ಮಂಡಿಯೂರಿ, ಗಾಜಿನ ಮೇಲಿನ ಮಳೆನೀರನ್ನು ತೋಳಿನಿಂದ ಒರೆಸಿ ಇಣುಕಿದೆ. ಕೆಳಗೊಂದು ಬಿಳಿ ಕೋಣೆ, ಸುತ್ತಲೂ ಬಿಳಿ ಕಪಾಟು, ಒಂದೇ ಒಂದು ಪುಸ್ತಕ ಇಲ್ಲ. ಸುಮಾರು 20,000 ಪುಸ್ತಕ ಹಿಡಿಯುವಷ್ಟು ಜಾಗ, 1933ರ ಮೇ 10ರ ರಾತ್ರಿ ಅಲ್ಲಿ ಸುಟ್ಟಿದ್ದೂ ಹೆಚ್ಚುಕಮ್ಮಿ ಅಷ್ಟೇ. ಇಸ್ರೇಲಿನ ಕಲಾವಿದ ಮಿಖಾ ಉಲ್ಮನ್ ಮಾಡಿದ್ದು, 1995ರಲ್ಲಿ.

ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ನಾಜಿಗಳ ಪ್ರಚಾರ ಮಂತ್ರಿ ಗೋಬೆಲ್ಸ್ ಬಂದು ಭಾಷಣ ಮಾಡಿದ್ದು ಹೌದು, ಆದರೆ ಪುಸ್ತಕ ಹೊತ್ತು ತಂದು ಲೇಖಕರ ಹೆಸರು ಕೂಗಿ ಕೂಗಿ ಬೆಂಕಿಗೆ ಎಸೆದವರು ಓದುವ ಹುಡುಗರು, ವಿದ್ಯಾರ್ಥಿ ಸಂಘದವರು. ಎರಿಕ್ ಕೆಸ್ಟ್ನರ್ ಎಂಬ ಲೇಖಕ ಆ ಗುಂಪಿನಲ್ಲೇ ನಿಂತು ತನ್ನ ಹೆಸರು ಕೂಗಿದ್ದನ್ನು ಕೇಳಿಸಿಕೊಂಡಿದ್ದ. ನಾನು ಮಂಡಿಯೂರಿದ್ದಲ್ಲಿಂದ ವಿಶ್ವವಿದ್ಯಾಲಯದ ಗೇಟು ಎದುರಿಗೇ ಕಾಣುತ್ತಿತ್ತು.

ಪಕ್ಕದಲ್ಲೇ ನೆಲಕ್ಕೆ ಕೂರಿಸಿದ ಫಲಕವಿದೆ, ಅದನ್ನೂ ಹುಡುಕಿ. ಪುಸ್ತಕ ಸುಡುವಲ್ಲಿ ಕೊನೆಗೆ ಮನುಷ್ಯರನ್ನೂ ಸುಡುತ್ತಾರೆ ಎಂಬ ಜರ್ಮನ್ ಕವಿ ಹೈನೆಯ ಮಾತು ಅದರಲ್ಲಿದೆ. ಭವಿಷ್ಯ ನುಡಿದ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅವನು ಅದನ್ನು ಬರೆದಿದ್ದು ಆ ರಾತ್ರಿಗಿಂತ ನೂರು ವರ್ಷಕ್ಕೂ ಹಿಂದೆ, ನಾಟಕವೊಂದರಲ್ಲಿ, ಸ್ಪೇನಿನ ಗ್ರನಾಡಾದಲ್ಲಿ ಕುರಾನ್ ಸುಟ್ಟ ಸಂದರ್ಭಕ್ಕೆ. ಅಂದರೆ ಅವನಿಗೂ ಅದು ಹಳೇ ಕಥೆಯೇ.

ಟಿಕೆಟ್ ಇಲ್ಲ, ಕೋಣೆಗೆ ಇಳಿಯೋಕೆ ಬಿಡಲ್ಲ, ಅರ್ಧ ಗಂಟೆ ಸಾಕು. ಸುಮ್ನೆ ನಿಂತು ನೋಡಿದರೆ ಒಂದು ಮೂಲೆ ಮಾತ್ರ ಕಾಣುತ್ತದೆ, ಬಗ್ಗಲೇಬೇಕು. ಮಳೆಯ ದಿನ ಆದರೆ ಹಳೇ ಪ್ಯಾಂಟ್ ಹಾಕಿಕೊಂಡು ಹೋಗಿ.