ಹತ್ತು ತಂಡ ಸುತ್ತಿದ ಕೋಚ್

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಮಗನ ಮನೆಗೆ ಹೋದಾಗ ಅಮೆರಿಕನ್ ಫುಟ್‌ಬಾಲ್ ನೋಡುವ ಚಟ ಹತ್ತಿತು. ಅಲ್ಲಿನ ಕೌಬಾಯ್ಸ್ ತಂಡದ ಹಳೇ ಕೋಚ್ ವೇಡ್ ಫಿಲಿಪ್ಸ್ 10 ತಂಡಗಳಲ್ಲಿ ಕೆಲಸ ಮಾಡಿದವರಂತೆ. ಎಲ್ಲೂ ನೆಲೆ ನಿಲ್ಲದವರನ್ನು ಮತ್ತೆ ಮತ್ತೆ ಯಾಕೆ ಕರೆಯುತ್ತಾರೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೆಲೆ ನಿಲ್ಲಲು ಬಿಡಬೇಕಲ್ಲ ಸ್ವಾಮಿ! ಅಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹೆಡ್ ಕೋಚ್ ಅವರನ್ನು ತೆಗೆದರೆ ಕೈಕೆಳಗಿನ ಕೋಚ್‌ಗಳೂ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು. ವೇಡ್ 1976ರಲ್ಲಿ ಹ್ಯೂಸ್ಟನ್ ಆಯಿಲರ್ಸ್ ತಂಡ ಸೇರಿದರು, ಅಲ್ಲಿ ಅವರಪ್ಪ ಬಮ್ ಫಿಲಿಪ್ಸ್ ಅವರೇ ಹೆಡ್ ಕೋಚ್. 1980ರ ಸೀಸನ್ ಮುಗಿದ ಮೇಲೆ ಅಪ್ಪನನ್ನು ತೆಗೆದರು, ಅಪ್ಪ ನ್ಯೂ ಆರ್ಲಿಯನ್ಸ್‌ಗೆ ಹೋದರು, ಮಗನೂ ಹಿಂದೆಯೇ ಹೊರಟರು. ಆಮೇಲೆ ಫಿಲಡೆಲ್ಫಿಯಾ, ಡೆನ್ವರ್, ಬಫಲೋ, ಅಟ್ಲಾಂಟಾ, ಸ್ಯಾನ್ ಡಿಯೇಗೋ.

ಹೆಡ್ ಕೋಚ್ ಆದಾಗ ಅವರ ನಸೀಬು ಅಷ್ಟಕ್ಕಷ್ಟೇ. ಬಫಲೋದಲ್ಲಿ 2000ದ ಸೀಸನ್ ನಂತರ ಮಾಲೀಕರು ಒಬ್ಬ ಸಹಾಯಕ ಕೋಚ್‌ನ ತೆಗೆಯಿರಿ ಎಂದರು. ಇವರು ಒಪ್ಪಲಿಲ್ಲ, ಇವರ ಕೆಲಸವೇ ಹೋಯಿತು. ನನಗೆ ಈ ಮನುಷ್ಯ ಇಷ್ಟವಾಗುವುದು ಇದಕ್ಕೇ. ಡಲ್ಲಾಸ್‌ನಲ್ಲಿ 2009ರಲ್ಲಿ 11 ಪಂದ್ಯ ಗೆಲ್ಲಿಸಿದರು, ಮರುವರ್ಷ ಮೊದಲ 8ರಲ್ಲಿ 7 ಸೋತರು, ಸೀಸನ್ ಮಧ್ಯದಲ್ಲೇ ಮನೆಗೆ ಕಳಿಸಿದರು. ನಿಮ್ಮ ಮಗನಿಗೆ ಆ ಎರಡನೇ ವರ್ಷವೇ ಜಾಸ್ತಿ ನೆನಪಿರಬೇಕು, ಅಲ್ವಾ?

ಆದರೆ ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆ, ಕಟ್ಟುವುದರಲ್ಲಿ ಇವರು ಪಳಗಿದ ಕೈ. ಇವರದ್ದು 3-4 ಪದ್ಧತಿ: ಮುಂದಿನ ಸಾಲಲ್ಲಿ ಮೂವರು ದಢೂತಿ ಆಟಗಾರರು, ಅವರ ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳು, ಆ ನಾಲ್ವರಲ್ಲಿ ಯಾರು ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಮೇಲೆ ನುಗ್ಗುತ್ತಾರೆ ಅನ್ನುವುದು ಎದುರಾಳಿಗೆ ಕೊನೇ ಕ್ಷಣದವರೆಗೂ ಗೊತ್ತಾಗುವುದಿಲ್ಲ. 2010ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಡಿಫೆನ್ಸ್, ಎದುರಾಳಿ ಮುಂದೆ ಸಾಗಲು ಬಿಟ್ಟುಕೊಟ್ಟ ಗಜಗಳ ಲೆಕ್ಕದಲ್ಲಿ, 32 ತಂಡಗಳಲ್ಲಿ 30ನೇ ಸ್ಥಾನದಲ್ಲಿತ್ತು. ಇವರು ಬಂದ ವರ್ಷವೇ 2ನೇ ಸ್ಥಾನ. ಇಂಥವರನ್ನು ಯಾರು ತಾನೇ ಸುಮ್ನೆ ಬಿಡುತ್ತಾರೆ?

2014ರಲ್ಲಿ ಮಾತ್ರ ಯಾರೂ ಕರೆಯಲಿಲ್ಲ. ಮರುವರ್ಷ ಕರೆದದ್ದು ಡೆನ್ವರ್, ಹಿಂದೆ ಹೆಡ್ ಕೋಚ್ ಹುದ್ದೆಯಿಂದ ಇವರನ್ನು ಕಿತ್ತುಹಾಕಿದ್ದ ಅದೇ ತಂಡ! 2016ರ ಫೆಬ್ರವರಿಯಲ್ಲಿ ಡೆನ್ವರ್ 24-10ರಿಂದ ಕ್ಯಾರೊಲೈನಾವನ್ನು ಮಣಿಸಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು, ಗೆಲ್ಲಿಸಿದ್ದು ಡಿಫೆನ್ಸ್. 68ನೇ ವಯಸ್ಸಿನಲ್ಲಿ ವೇಡ್ ಅವರಿಗೆ ಗೆದ್ದವರಿಗೆ ಕೊಡುವ ಸೂಪರ್ ಬೌಲ್ ಉಂಗುರ ಮೊದಲ ಸಲ ಸಿಕ್ಕಿತು.

ಆಮೇಲೆ ಲಾಸ್ ಏಂಜಲೀಸ್ ರ‍್ಯಾಮ್ಸ್, ಅಲ್ಲಿ 30ರ ಆಸುಪಾಸಿನ ಶಾನ್ ಮೆಕ್‌ವೇ ಇವರ ಬಾಸ್. 2023ರಲ್ಲಿ, 75ರ ವಯಸ್ಸಿನಲ್ಲಿ, ಎಕ್ಸ್‌ಎಫ್‌ಎಲ್ ಎಂಬ ಇನ್ನೊಂದು ಲೀಗ್‌ನಲ್ಲಿ ಮತ್ತೆ ಹೆಡ್ ಕೋಚ್ ಆದರು.